ಅಪ್ಪನ ಕಾರಿಗೆ ವಿಭೂತಿ ಹಚ್ಚಿದ ಪ್ರಸಂಗ

ನನ್ನ ಹೆಂಡತಿ ಶಿವರಂಜನಿಗೂ ನಮ್ಮಪ್ಪನ ಕಾಲದ ಕಾರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ ನಡೆಸುವ ನಾನು ಎಣ್ಣೆಯ ಪಕ್ಷ ವಹಿಸುವುದು ಕುಲಧರ್ಮವೇನೋ ಸರಿ. ಆದರೆ ಈ ಜಗಳದಲ್ಲಿ ಎಣ್ಣೆ ಯಾರು, ಸೀಗೆಕಾಯಿ ಯಾರು ಎಂಬುದು ಇದುವರೆಗೂ ತಿಳಿದಿಲ್ಲ. (ತಿಳಿದರೂ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ.)

ಶೇಂಗಾಕ್ಕೆ ಬಂಗಾರದಂಥ ದರ ಬಂದ ವರ್ಷ ಅಪ್ಪ ಕೊಂಡ ಕಾರು ಅದು. ಈಗ ಅಪ್ಪ ಇಲ್ಲ. ಸ್ಟೇರಿಂಗಿನ ಮೇಲೆ ಅವರ ಅಂಗೈ ಸವೆಸಿದ ಗುರುತು ಹಾಗೇ ಇದೆ. ಅಲ್ಲಿ ಕೈಯಿಟ್ಟಾಗಲೆಲ್ಲ ನನ್ನ ಎದೆ ಉಬ್ಬುತ್ತದೆ. ಇಂಥ ಕಾರು ಈಚೆಗೆ ಇಂಜಿನ್ನನ್ನು ತಣ್ಣಗಿಡುವ ಕೂಲೆಂಟ್ ಎಂಬ ಹಸಿರು ನೀರನ್ನು ಅಂಗಳದಲ್ಲಿ ಸುರಿಸತೊಡಗಿತ್ತು. ಅದೂ ಸರಿಯಾಗಿ ರಂಜನಿಯ ರಂಗೋಲಿಯ ಮೇಲೆ.

"ನೋಡ್ರಿ, ನಿಮ್ಮ ಕಾರು ಮತ್ತೆ ರಂಗೋಲಿ ಮ್ಯಾಲೆ ಉಚ್ಚೆ ಹೊಯ್ದೈತೆ!"

"ಅದು ಕೂಲೆಂಟ್ ಕಣೇ."

"ಏನಾದ್ರೂ ಆಗ್ಲಿ, ಹೊಯ್ದಿದ್ದು ನಿಜ ತಾನೇ? ಭಾನುವಾರ ನನ್ನ ತಮ್ಮನ ಗೃಹಪ್ರವೇಶ. ಮೊಳಕಾಲ್ಮೂರು ಮುಟ್ಟೋದ್ರೊಳಗೆ ಇದೇನಾದ್ರೂ ಹೊಗೆ ಬಿಟ್ಕೊಂಡು ನಿಂತ್ರೆ, ಸೋಮವಾರ ಗುಜರಿಗೆ!"

"ನಿಲ್ಲದಿದ್ರೆ?"

"ಮೊಮ್ಮಕ್ಕಳ ಕಾಲದವರೆಗೂ ಇಟ್ಕೊಳ್ರಿ. ನಾನು ಚಕಾರ ಎತ್ತಲ್ಲ. ಈಗ ಸುಮ್ನೆ ಗ್ಯಾರೇಜಿಗೆ ಒಯ್ರಿ."

ಗ್ಯಾರೇಜಿಗೆ? ತಲೆಮಾರುಗಳಿಂದ ಎಣ್ಣೆ ಡಬ್ಬಿಗಳ ಸೋರಿಕೆ ಹಿಡಿದ ವಂಶದ ಕುಡಿ ನಾನು! ಅಪ್ಪ ಕಲಿಸಿದ ವಿದ್ಯೆ ಸರಳ. ಸೋರುವ ಡಬ್ಬಿಯನ್ನು ಒಣಗಿದ ಬಟ್ಟೆಯಿಂದ ಒರೆಸಬೇಕು, ಮೇಲೆ ಸುಣ್ಣದ ಪುಡಿ ಸವರಿ ಬಿಡಬೇಕು. ಪುಡಿ ಎಲ್ಲಿ ನೆನೆದು ಕಪ್ಪಾಗುತ್ತದೋ ಅಲ್ಲಿ ತೂತು. ಡಬ್ಬಿಗೆ ಸಲ್ಲುವುದು ರೇಡಿಯೇಟರಿಗೆ ಏಕೆ ಸಲ್ಲಬಾರದು? ಅದೂ ನೀರು ತುಂಬಿದ ಡಬ್ಬಿಯೇ ತಾನೆ?

ಶನಿವಾರ ಬೆಳಿಗ್ಗೆ ಬಾನೆಟ್ ಎತ್ತಿ ಎಲ್ಲವನ್ನೂ ಒರೆಸಿದೆ. ಸುಣ್ಣದ ಪುಡಿ ಮಿಲ್ಲಿನಲ್ಲಿತ್ತು. ಅಲ್ಲಿಯವರೆಗೆ ಯಾರು ಹೋಗುತ್ತಾರೆ? ದೇವರ ಕೋಣೆಗೆ ಹೋಗಿ ಅವ್ವನ ವಿಭೂತಿ ಗಟ್ಟಿಯೊಂದನ್ನು ತಂದು ಪುಡಿ ಮಾಡಿದೆ. ಪೈಪುಗಳ ಮೇಲೂ ಕೀಲುಗಳ ಮೇಲೂ ಧಾರಾಳವಾಗಿ ಬಳಿದೆ. (ರೇಡಿಯೇಟರಿನ ಕೆಳಭಾಗಕ್ಕೆ ಬಗ್ಗಲು ಹೊಟ್ಟೆ ಅಡ್ಡ ಬಂತು. ಅಷ್ಟು ಕೆಳಗೆ ಯಾವ ತೂತು ಇರುತ್ತದೆ ಎಂದು ಬಿಟ್ಟೆ.) ಇಂಜಿನ್ ಚಾಲೂ ಮಾಡಿ ಬಿಟ್ಟು, ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬಂದು ನೋಡಿದರೆ ಯಾರೋ ಇಂಜಿನ್ ಆರಿಸಿದ್ದಾರೆ. ಬ್ಯಾಟರಿಯ ಮೇಲೆ ಸೇವಂತಿಗೆ, ಏರ್ ಫಿಲ್ಟರಿನ ಮೇಲೆ ಬಿಲ್ವಪತ್ರೆ, ಒಡೆದ ತೆಂಗಿನಕಾಯಿ, ಊದುಬತ್ತಿ. ನನ್ನ ತಾಯಿ ದ್ರಾಕ್ಷಾಯಣಮ್ಮ ಕೈಮುಗಿದು ನಿಂತಿದ್ದಾಳೆ. ವಿಭೂತಿಯೆಲ್ಲ ಒದ್ದೆಮುದ್ದೆ!

"ಅವ್ವಾ! ಏನಿದು?"

"ರಂಜನಿ ಕೈಲಿ ಗಾಡಿ ಬಂದ್ ಮಾಡ್ಸಿದೆ ಕಣಪ್ಪ ಮಾಂತೇಶ. ಪೂಜೆ ಹೊತ್ನಾಗೆ ಗುರ್ರ್ ಅಂತಿತ್ತು. ವಿಭೂತಿ ಹಚ್ಚಿ ಅರ್ಧಕ್ಕೇ ಬಿಟ್ಟು ಹೋಗಿದ್ದಲ್ಲ, ಅಭಿಷೇಕ ನಾನೇ ಮುಗಿಸ್ದೆ. ಈಗ್ಲಾದ್ರೂ ನಿನಗೆ ಭಕ್ತಿ ಬಂತಲ್ಲ!" ಅವ್ವನ ಕಣ್ಣು ತುಂಬಿತ್ತು.

"ಪೂಜೆ ಅಲ್ಲವ್ವಾ, ಕಾರಿಗೆ ಎಲ್ಲೋ ತೂತು ಬಿದ್ದೈತೆ. ಅದನ್ನ ಹುಡುಕ್ತಿದ್ದೆ!"

"ಗಾಯ ಆಗೈತಾ? ಅಯ್ಯೋ, ನಿಮ್ಮಪ್ಪನ ಕಾರಿಗಾ?" ಎಂದು ಅವ್ವ ಒಳಗೆ ಹೋದಳು.

ಎಲ್ಲವನ್ನೂ ಮತ್ತೆ ಒರೆಸಿ ಎರಡನೇ ವಿಭೂತಿ ಗಟ್ಟಿ ಪುಡಿ ಮಾಡಿದೆ. ಈ ಸಲ ವಿದ್ಯೆ ಫಲಿಸಿತು. ಮೇಲಿನ ಪೈಪಿನ ಕೀಲಿನಲ್ಲಿ ವಿಭೂತಿ ಮೆಲ್ಲಗೆ ಕಪ್ಪಾಯಿತು! ಸ್ಕ್ರೂಡ್ರೈವರ್ ತಂದು ಅಲ್ಲಿನ ಕ್ಲಿಪ್ಪನ್ನು ಬಲವಾಗಿ ಬಿಗಿದೆ. ಆಗ ನನಗೆ ಆದ ಆನಂದವನ್ನು ಏನೆಂದು ಹೇಳಲಿ? ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎನ್ನಿಸಿತು.

ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬುತ್ತಿದ್ದಾಗ ಮಿಲ್ಲಿನಿಂದ ಫೋನ್ ಬಂತು. ಮಾತಾಡಿ ಬರುವಷ್ಟರಲ್ಲಿ ಅವ್ವ ಕಾರಿನ ಬಳಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಹೂ ತೆಗೆಯಲು ಬಂದಿರಬೇಕು ಎಂದುಕೊಂಡು ಮುಚ್ಚಳ ಹಾಕಿ, ಒಂದು ಸಲ ಇಂಜಿನ್ ಚಾಲೂ ಮಾಡಿ ನೋಡಿ ಆರಿಸಿದೆ.

ಭಾನುವಾರ ಮೂವರೂ ಹೊರಟೆವು. ರಂಜನಿ ದಾರಿಯುದ್ದಕ್ಕೂ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು. ಬಿ.ಜಿ. ಕೆರೆ ದಾಟಿತು, ಮುಳ್ಳು ಏಳಲಿಲ್ಲ. ಕಡೆಗೆ ಮೊಳಕಾಲ್ಮೂರೇ ಬಂತು. ಮುಳ್ಳು ಮಲಗಿದಲ್ಲೇ ಮಲಗಿತ್ತು. ಇಳಿದಾಗ ನನ್ನ ಮೀಸೆಯ ತುದಿ ತಾನಾಗಿ ಮೇಲೆದ್ದಿತ್ತು.

"ಏನ್ ಭಾವ, ನೀವು ಕಾರ್ ಓಡಿಸ್ಕೊಂಡ್ ಬಂದ್ರೋ, ತಳ್ಕೊಂಡ್ ಬಂದ್ರೋ?" ಎಂದ ರಂಜನಿಯ ತಮ್ಮ ಸಂಗಮೇಶ. ರೇಷ್ಮೆ ಸೀರೆ ವ್ಯಾಪಾರಿ, ಬಾಯಿ ಮಾತ್ರ ಗೋಣಿಚೀಲದ್ದು.

"ಊಟ ಆಗ್ಲಿ, ತೋರಿಸ್ತೀನಿ. ಬಿಸಿ ಇದ್ದಾಗ ಮುಚ್ಚಳ ತೆಗೀಬಾರ್ದು, ಅದೊಂದು ಶಾಸ್ತ್ರ ಐತೆ," ಎಂದೆ ಗಂಭೀರವಾಗಿ.

ಹೋಳಿಗೆ ಊಟ ಮುಗಿದು, ಎಲೆ ಅಡಿಕೆ ಮೆಲ್ಲುತ್ತ ಬೀಗರ ಸಭೆಯೇ ಕಾರಿನ ಸುತ್ತ ನೆರೆಯಿತು. ನನ್ನದು ಬಿಳಿ ಜುಬ್ಬ, ಹೆಗಲ ಮೇಲೆ ಸಂಗಮೇಶ ಹೊದಿಸಿದ ರೇಷ್ಮೆ ಶಲ್ಯ. ಡಬ್ಬಿ ವಿದ್ಯೆಯ ಮಹಿಮೆ, ಕ್ಲಿಪ್ಪಿನ ಮರ್ಮ ಎಲ್ಲವನ್ನೂ ವಿವರಿಸಿದೆ. ಮುಟ್ಟಿ ನೋಡಿದರೆ ಬಿಸಿ ಆರಿತ್ತು. ಮುಚ್ಚಳ ತೆಗೆದೆ.

"ಸಂಗಮೇಶ, ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತು. ಒಂದು ಹನಿ ಹೊರಗೆ ಬಂದ್ರೆ ಕೇಳು!"

ಸಂಗಮೇಶ ಒತ್ತಿದ. ಒಂದು ಹನಿ ಬರಲಿಲ್ಲ, ನಿಜ. ಬುಸ್ಸೆಂದು ನೊರೆನೊರೆಯಾಗಿ ತಂಬಿಗೆಗಟ್ಟಲೆ ಬಂತು! ಬಂದದ್ದು ಹಸಿರೂ ಅಲ್ಲ, ಹಚ್ಚನೆಯ ಹಳದಿ. ಮುಖ, ಮೀಸೆ, ಜುಬ್ಬ, ಶಲ್ಯ, ಎಲ್ಲದರ ಮೇಲೂ ಬಂತು.

"ಭಾವಂಗೆ ಅರಿಶಿನದ ಶಾಸ್ತ್ರ! ಅಕ್ಕಾ, ಬೇಗ ಬಾರೇ, ಆರತಿ ತಾ!" ಸಂಗಮೇಶ ಸೀಟಿನಲ್ಲೇ ಉರುಳಾಡಿ ನಕ್ಕ.

ಅವ್ವ ಗುಂಪಿನಿಂದ ಮುಂದೆ ಬಂದಳು. "ಅಯ್ಯೋ, ಔಷಧಿ ಎಲ್ಲಾ ಚೆಲ್ಲಿದ್ಯಲ್ಲಪ್ಪಾ! ಗಾಯಕ್ಕೆ ಅರಿಶಿನ ಹಾಕಬೇಕಲ್ವ? ನೀನು ಫೋನಿಗೆ ಹೋದಾಗ ಒಂದು ಹಿಡಿ ಅದರ ಬಾಯಿಗೆ ಹಾಕ್ದೆ."

"ಅವ್ವಾ, ಸೋರಿಕೆನ ನಾನು ನಿಲ್ಸಿದ್ದೆ! ಮೇಲಿನ ಕ್ಲಿಪ್ಪು..."

"ಅಲ್ಲಿ ಒಸರ್ತಿದ್ದುದು ನಾನು ಒಡೆದ ಕಾಯಿನೀರು ಕಣೋ. ತೂತು ಇದ್ದುದು ಕೆಳಗೆ, ಆ ಜಾಲರಿಯಾಗೆ. ಹೂ ತೆಗೆಯೋವಾಗ ತೊಟ್ಟಿಕ್ತಿತ್ತು. ಅರಿಶಿನ ಹಾಕಿದ ಮ್ಯಾಲೆ ಒಂದು ಸಲ ಗಾಡಿ ಗುರ್ರ್ ಅನ್ಸಿ ಇಟ್ಟೆಯಲ್ಲ, ಸಂಜಿಗೆ ಹೋಗಿ ನೋಡ್ದೆ, ನಿಂತಿತ್ತು."

ಸಭೆ ಅವ್ವನ ಕಡೆ ತಿರುಗಿತು. ನನ್ನ ಹೆಗಲಿನ ಶಲ್ಯ ಹಾಳಾಗಿದ್ದರಿಂದ ಸಂಗಮೇಶ ಹೊಸದೊಂದು ತಂದ. ಅದನ್ನು ಅವ್ವನಿಗೆ ಹೊದಿಸಿದ. ರಂಜನಿ ಮಾತು ತಪ್ಪುವವಳಲ್ಲ. "ಕಾರು ಇರ್ಲಿ. ಆದ್ರೆ ಅದು ಇನ್ಮ್ಯಾಲೆ ಅತ್ತೆದು," ಎಂದಳು. ನನಗೂ ಒಳಗೊಳಗೇ ಹೆಮ್ಮೆಯೇ ಆಯಿತು. ಎಷ್ಟಾದರೂ ಹೆತ್ತವಳು ನನ್ನನ್ನಲ್ಲವೇ?

ಮುಂದಿನ ವಾರ ಸಂಗಮೇಶನ ಫೋನ್ ಬಂತು. "ಭಾವ, ಕೊಂಡ್ಲಹಳ್ಳಿ ತೋಟದಾಗೆ ನಮ್ಮ ಟ್ರ್ಯಾಕ್ಟರ್ ಸೋರ್ತೈತೆ. ಅತ್ತೆಮ್ಮನ್ನ ಕಳಿಸ್ತೀರಾ?"

"ನಾನೂ ಬರ್ತೀನಿ ಕಣೋ, ಪರೀಕ್ಷೆ ಮಾಡೋಕೆ."

"ಬರ್ರಿ ಭಾವ, ಗಾಡಿ ಓಡಿಸೋಕೆ ಒಬ್ರು ಬೇಕಲ್ಲ."

ಅವ್ವ ಶಲ್ಯ ಹೊದ್ದು, ಅರಿಶಿನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಯಾವುದಕ್ಕೂ ಇರಲಿ ಎಂದು ಒಂದು ವಿಭೂತಿ ಗಟ್ಟಿ ತರಲು ನಾನು ಒಳಗೆ ಓಡಿದೆ. ದೇವರ ಕೋಣೆಗೆ ರಂಜನಿ ಬೀಗ ಹಾಕಿದ್ದಳು.