ಶಾಂತಮಲ್ಲಪ್ಪನವರು ಗಾಲ್ಫ್ ಕೋಲು ಆರಿಸಿದ್ದು

ಸುಳ್ಳು ಹೇಳುವುದಕ್ಕೂ ಒಂದು ಹದ ಬೇಕು. ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಶಾಂತಮಲ್ಲಪ್ಪನವರಿಗೆ ವ್ಯಾಪಾರದಲ್ಲಿ ಆ ಹದ ಚೆನ್ನಾಗಿ ಗೊತ್ತಿತ್ತು. ನೆಂಟಸ್ತಿಕೆಯಲ್ಲಿ ಗೊತ್ತಿರಲಿಲ್ಲ, ಪಾಪ.

ಮಗಳು ಶಿವನಂಜಮ್ಮನಿಗೆ ಚಾಮರಾಜನಗರದಲ್ಲಿ ಗಂಡು ನೋಡಿದ್ದರು. ಹುಡುಗ ದನದ ಡಾಕ್ಟರು. ಹುಡುಗಿಗೂ ಮನಸ್ಸಿತ್ತು (ಕೇಳಿದರೆ "ನಂಗೇನು ಗೊತ್ತು" ಎಂದು ಒಳಗೆ ಓಡಿದಳು, ಆಮೇಲೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು). ಇಂಥ ಸಂಬಂಧ ಮತ್ತೆ ಸಿಕ್ಕುವುದಿಲ್ಲವೆಂದು ಶಾಂತಮಲ್ಲಪ್ಪನವರ ಹೆಂಡತಿ ಗುರುಮಲ್ಲಮ್ಮ ತೀರ್ಪು ಕೊಟ್ಟಾಗಿತ್ತು. ಆ ಮನೆಯಲ್ಲಿ ಅದರ ಮೇಲೆ ಅಪೀಲಿಲ್ಲ. ಬಾಕಿ ಇದ್ದದ್ದು ಹುಡುಗನ ತಂದೆ ನೀಲಕಂಠಸ್ವಾಮಿಯವರ ಒಪ್ಪಿಗೆಯೊಂದೇ.

ನೀಲಕಂಠಸ್ವಾಮಿಯವರು ರಿಟೈರಾದ ರೇಂಜ್ ಆಫೀಸರು. ನೀಲಗಿರಿಯಲ್ಲಿ ನೌಕರಿ ಮಾಡುವಾಗ ದೊರೆಗಳ ಸಹವಾಸದಿಂದ ಗಾಲ್ಫ್ ಹುಚ್ಚು ಹತ್ತಿಸಿಕೊಂಡು ಬಂದವರು. ಚಾಮರಾಜನಗರದಲ್ಲಿ ಜೊತೆಗಾರರು ಸಿಗದೆ, ಕೆರೆಬಯಲಲ್ಲಿ ಒಬ್ಬರೇ ಚೆಂಡು ಹೊಡೆದು, ಒಬ್ಬರೇ ಹುಡುಕಿ, ಒಬ್ಬರೇ ಭೇಷ್ ಅಂದುಕೊಂಡು ಮನೆಗೆ ಬರುತ್ತಿದ್ದರು. ಹೆಣ್ಣಿನ ಕಡೆಯವರು ಮಾತುಕತೆಗೆ ಹೋದಾಗ ಕಾಫಿ ಲೋಟ ಕೆಳಗಿಟ್ಟು, "ತಮಗೇನಾದರೂ ಗಾಲ್ಫ್ ಅಭ್ಯಾಸ ಉಂಟೋ?" ಎಂದು ಕೇಳಿದರು.

"ಏನೋ, ಸುಮಾರಾಗಿ" ಎಂದುಬಿಟ್ಟರು ಶಾಂತಮಲ್ಲಪ್ಪನವರು. "ಕೋಲು ಚೀಲ ಎಲ್ಲ ಮನೇಲೇ ಬಿದ್ದವೆ."

"ಭೇಷ್! ಮುಂದಿನ ಭಾನುವಾರ ನಾನೇ ಬರ್ತೀನಿ. ಒಂದು ಕೈ ಆಡೋಣ."

ಬಸ್ಸು ತೆರಕಣಾಂಬಿ ದಾಟುವತನಕ ಗುರುಮಲ್ಲಮ್ಮ ಬಾಯಿ ಬಿಡಲಿಲ್ಲ. ಆಮೇಲೆ ಮುಚ್ಚಲಿಲ್ಲ.

"ಯಾವತ್ತು ಆಡಿದ್ರಿ ನೀವು ಅದ?"

"ಚಿನ್ನಿದಾಂಡು ಆಡಿಲ್ವಾ? ಅದರ ದೊಡ್ಡಣ್ಣ ಕಣಮ್ಮಿ ಇದು."

"ಈ ಸಂಬಂಧ ಏನಾರ ತಪ್ಪೋಯ್ತೋ, ನಾನು ಮಗಳ ಕರ್ಕಂಡು ತವರಿಗೆ ಓಯ್ತೀನಿ. ಈರುಳ್ಳಿ ಬೇಯಿಸ್ಕಂಡು ತಿಂತಾ ಕೂತ್ಕಳಿ!"

ಮಾರನೆಯ ಬೆಳಿಗ್ಗೆ ಶಾಂತಮಲ್ಲಪ್ಪನವರು ಲಾರಿ ನಿಲ್ಲುವ ಜಾಗದ ಪಕ್ಕದ ಕೋಯನ ಅಂಗಡಿಗೆ ನುಗ್ಗಿದರು. ಕೋಯ ನೀಲಗಿರಿಯ ದೊರೆಗಳ ಬಂಗಲೆಯಲ್ಲಿ ಅಡಿಗೆ ಮಾಡುತ್ತಿದ್ದವನು. ದೊರೆಗಳೆಲ್ಲ ಗಂಟುಮೂಟೆ ಕಟ್ಟಿ ವಿಲಾಯತಿಗೆ ಹೊರಟ ಮೇಲೆ, ಅವರು ಬಿಟ್ಟುಹೋದ ಬೆತ್ತದ ಕುರ್ಚಿ, ಪಿಂಗಾಣಿ ಬಸಿ, ಸ್ನಾನದ ತೊಟ್ಟಿಗಳನ್ನು ತಂದು ಗುಡ್ಡೆ ಹಾಕಿಕೊಂಡು ಮಾರುತ್ತಿದ್ದ. ಮೂಲೆಯಲ್ಲಿ ಹತ್ತಾರು ದೊರೆಗಳ ಗಾಲ್ಫ್ ಕೋಲುಗಳು ಸೌದೆಯ ಹಾಗೆ ಬಿದ್ದಿದ್ದವು.

ಕೋಯ ಒಂದು ಚರ್ಮದ ಚೀಲ ತೆಗೆದು, ಬಗೆಬಗೆಯ ಕೋಲುಗಳನ್ನು ಅದಕ್ಕೆ ತುಂಬಿ ಮುಂದಿಟ್ಟ. ಶಾಂತಮಲ್ಲಪ್ಪನವರು ಕೆಕ್ಕರಿಸಿ ನೋಡಿದರು. ಒಂದು ಎದೆಮಟ್ಟ, ಇನ್ನೊಂದು ಸೊಂಟಮಟ್ಟ. ಒಂದಕ್ಕೆ ಮರದ ಗಡ್ಡೆ, ಇನ್ನೊಂದಕ್ಕೆ ಕಬ್ಬಿಣದ ಮೋರೆ, ಅದೂ ಆಕಾಶ ನೋಡುತ್ತಿದೆ!

"ಏನಯ್ಯಾ ಕೋಯ, ಯಾರಿಗೆ ಟೋಪಿ ಹಾಕಕ್ಕೆ ಬಂದೆ? ಒಂದರಂಗೆ ಒಂದಿಲ್ವಲ್ಲಾ!"

"ದೊರೆ ಹೀಗೇ ತುಂಬ್ತಾ ಇದ್ರು, ಸಾವ್ಕಾರೇ."

"ದೊರೆ ಮೋಸ ಹೋದ್ರೆ ನಾನೂ ಹೋಗ್ಲಾ?"

ಕೋಯ ಅಡಿಗೆಯವನು, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಶಾಂತಮಲ್ಲಪ್ಪನವರು ಪಂಚೆ ಮೇಲೆತ್ತಿ ಕಟ್ಟಿ ಕೂತರು. ಅವರ ಮಂಡಿಯಲ್ಲಿ ದಪ್ಪದ್ದು ಒಂದು ರಾಶಿ, ನಡುತರದ್ದು ಒಂದು ರಾಶಿ, ಸಣ್ಣದು ಇನ್ನೊಂದು. ಒಂದೇ ಮೂಟೆಯಲ್ಲಿ ಮೂರನ್ನೂ ಬೆರೆಸುವವನನ್ನು ಅವರು ಮನುಷ್ಯನೆಂದೇ ಲೆಕ್ಕಕ್ಕಿಡುತ್ತಿರಲಿಲ್ಲ. ಆ ಸಮಸ್ತ ಶಾಸ್ತ್ರಜ್ಞಾನವನ್ನೂ ಈಗ ಕೋಲುಗಳ ಮೇಲೆ ಪ್ರಯೋಗಿಸಿದರು. ಉದ್ದವಾದದ್ದು ತಳ್ಳಿದರು. ಗಡ್ಡೆಯದ್ದು ತಳ್ಳಿದರು. ಮೋರೆ ಸೊಟ್ಟಗಾದದ್ದನ್ನಂತೂ ಎಸೆದೇಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಇಡೀ ಗುಡ್ಡೆಯಿಂದ ಒಂದೇ ಅಳತೆಯ, ನೆಟ್ಟನೆ ಮೋರೆಯ ಒಂಬತ್ತು ಕೋಲುಗಳನ್ನು ಆರಿಸಿ ತೆಗೆದಿದ್ದರು. ಅಕ್ಕತಂಗಿಯರ ಹಾಗಿದ್ದವು. ಅವರಿಗೆ ಆದ ಸಂತೋಷ ಹೇಳತೀರದು.

ಮನೆಯ ಹೊಸಿಲಲ್ಲಿ ಗುರುಮಲ್ಲಮ್ಮ ಕೈ ಅಡ್ಡ ಹಿಡಿದರು. "ಯಾನ ಅದು? ಚರ್ಮದ್ದಾ? ಲಿಂಗಪೂಜೆ ಮಾಡೋ ಮನೆ ಇದು. ಕೊಟ್ಟಿಗೇಲಿ ಮಡುಗಿ ಬನ್ನಿ!"

ಚೀಲ ಕೊಟ್ಟಿಗೆ ಸೇರಿತು. ಕೋಲುಗಳು ಈರುಳ್ಳಿಯ ಗೋಣಿಚೀಲ ಸೇರಿ ಒಳಗೆ ಬಂದವು. ಶಾಂತಮಲ್ಲಪ್ಪನವರು ದಿನಾ ಸಂಜೆ ಅವನ್ನು ತೆಗೆದು ಒರೆಸಿ, ಸಾಲಾಗಿ ಜೋಡಿಸಿ, ದೂರ ನಿಂತು ನೋಡುತ್ತಿದ್ದರು. ಹೊಡೆದು ನೋಡಬೇಕೆಂದು ಮಾತ್ರ ಅವರಿಗೆ ತೋಚಲಿಲ್ಲ. ಮಾಲು ಒಳ್ಳೆಯದಿದ್ದ ಮೇಲೆ ಇನ್ನೇನು?

ಭಾನುವಾರ ನೀಲಕಂಠಸ್ವಾಮಿಯವರು ಮೊಳಕಾಲುದ್ದದ ಕಾಲುಚೀಲ ತೊಟ್ಟು, ಬೀಗರ ಮನೆಯಲ್ಲೇ ಕೋಲುಗಳಿವೆಯಲ್ಲ ಎಂದು ತಮ್ಮದನ್ನು ಬಿಟ್ಟು, ಜೇಬಿನ ತುಂಬ ಚೆಂಡು ತುಂಬಿಕೊಂಡು ಬಂದಿಳಿದರು. ತಿಂಡಿ ಮುಗಿಸಿ ಎಲ್ಲರೂ ಊರಾಚೆ ಹುರುಳಿ ಕಿತ್ತ ಹೊಲಕ್ಕೆ ನಡೆದರು. ಗುರುಮಲ್ಲಮ್ಮ ಮಜ್ಜಿಗೆ ತಂಬಿಗೆ ಹಿಡಿದು ಬದುವಿನ ಮೇಲೆ ನಿಂತರು.

ನೀಲಕಂಠಸ್ವಾಮಿಯವರು ಚೆಂಡನ್ನು ನೆಲಕ್ಕಿಟ್ಟು, "ದೂರ ಹೊಡೆಯೋ ಕೋಲು ಕೊಡಿ" ಎಂದರು.

ಶಾಂತಮಲ್ಲಪ್ಪನವರು ಗೋಣಿಯಿಂದ ಒಂದನ್ನು ತೆಗೆದು ಠೀವಿಯಿಂದ ನೀಡಿದರು.

"ಇದಲ್ಲ. ಇದು ಕೊನೇಲಿ, ಗುಳಿ ಹತ್ತಿರ ಬಂದಾಗ, ಚೆಂಡನ್ನ ಮೆತ್ತಗೆ ತಳ್ಳೋದು. ಬೇರೆ ಕೊಡಿ."

ಇನ್ನೊಂದು ಬಂತು. ಮತ್ತೊಂದು ಬಂತು. ನಾಲ್ಕನೆಯದು ಬರುವ ಹೊತ್ತಿಗೆ ನೀಲಕಂಠಸ್ವಾಮಿಯವರ ಮೀಸೆ ಅದುರತೊಡಗಿತು. ಬೆರಗಾಗಿದ್ದಾರೆಂದು ಶಾಂತಮಲ್ಲಪ್ಪನವರು ಉಬ್ಬಿ, ಗೋಣಿಯನ್ನೇ ತಲೆಕೆಳಗು ಮಾಡಿ ಸುರಿದರು.

"ಆರ್ಸಿ ತಂದಿರೋದು, ಸ್ವಾಮಿ! ಒಂದಾರ ಸೊಟ್ಟ ಇದ್ರೆ ತೋರ್ಸಿ!"

"ತಳ್ಳೋ ಕೋಲೇ ಒಂಬತ್ತಾ? ಗಾಲ್ಫಿನಲ್ಲಿ ಒಂದೊಂದು ಏಟಿಗೆ ಒಂದೊಂದು ಕೋಲು, ಶಾಂತಮಲ್ಲಪ್ಪನವರೇ. ನೀವು ನಿಜವಾಗಿ ಆಡಿದ್ದೀರಾ?"

"ಇಲ್ಲ" ಎಂಬ ಮಾತು ಶಾಂತಮಲ್ಲಪ್ಪನವರ ಬಾಯಿಂದ ಬಂತೋ, ಇಲ್ಲ ಬರೀ ಗಾಳಿ ಬಂತೋ ಹೇಳುವುದು ಕಷ್ಟ. ನೀಲಕಂಠಸ್ವಾಮಿಯವರು ಬೆನ್ನು ತಿರುಗಿಸಿ ನಿಂತರು. ಅವರ ಹೆಗಲು ಕುಣಿಯುತ್ತಿತ್ತು.

ಕೋಪದಿಂದ ನಡುಗುತ್ತಿದ್ದಾರೆಂದು ತಿಳಿದ ಗುರುಮಲ್ಲಮ್ಮ ತಂಬಿಗೆ ಬಿಸುಟು ಓಡಿ ಬಂದರು. "ಅವರು ಏಳಿದ್ದು ಸುಳ್ಳೇ, ಅಣ್ಣಾ. ಅದಕ್ಕೆ ನನ್ನ ಮಗಳ ಬೇಡ ಅನ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ನೀಲಕಂಠಸ್ವಾಮಿಯವರು ತಿರುಗಿದರು. ಕಣ್ಣಲ್ಲಿ ನೀರು, ನಕ್ಕೂ ನಕ್ಕೂ ಬಂದ ನೀರು. "ಬೇಡ ಅನ್ನೋದೆಲ್ಲಿ ಬಂತು, ತಾಯಿ? ನೀವು ಬಂದುಹೋದ ಸಂಜೆಯೇ ನಮ್ಮ ಮನೇಲಿ ಎಲ್ಲ ಒಪ್ಪಿ ಆಯ್ತಲ್ಲ. ನಾನು ಈವತ್ತು ಬಂದದ್ದು ಬರೀ ಆಟಕ್ಕೆ."

ಶಾಂತಮಲ್ಲಪ್ಪನವರಿಗೆ ಹೋದ ಜೀವ ಬಂತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

"ಒಂದೇ ಒಂದು ಕರಾರು" ಎಂದರು ನೀಲಕಂಠಸ್ವಾಮಿಯವರು, ಒಂಬತ್ತು ಕೋಲುಗಳನ್ನು ಇನ್ನೊಮ್ಮೆ ನೋಡಿ. "ಮದುವೆ ಜವಳಿ ತೆಗೆಯೋಕೆ ಬೀಗರು ಅಂಗಡಿಗೆ ಬರಕೂಡದು."

ಈ ಅವಮಾನಕ್ಕೆ ಹೆಂಡತಿಯಾದರೂ ಒಂದು ಮಾತು ಆಡಿಯಾಳೆಂದು ಶಾಂತಮಲ್ಲಪ್ಪನವರು ಆಕೆಯ ಮುಖ ನೋಡಿದರು.

ಗುರುಮಲ್ಲಮ್ಮ ಸೆರಗು ಸರಿಮಾಡಿಕೊಂಡು ಬೀಗರಿಗೆ ಕೈ ಮುಗಿದರು. "ಆಗ್ಲಿ ಬುಡಿ, ಅಣ್ಣಾ. ಆವತ್ತು ಇವರ್ನ ಮನೇಲಿ ಕೂಡಾಕಿ ಚಿಲ್ಕ ಆಕಂಡು ಬತ್ತೀನಿ."