ಕೊಲೆಗಾರ ಈರಪ್ಪನ ಮಗಳ ಲಗ್ನ

ಪತ್ತೇದಾರಿ ಕಾದಂಬರಿ ಬರೆಯುವುದೇನು ಮಹಾ ಕಷ್ಟ ಎಂದುಕೊಂಡಿದ್ದೆ. ಒಂದು ಕೊಲೆ, ಆಮೇಲೆ ಪಶ್ಚಾತ್ತಾಪ, ಕೊನೆಗೆ ನ್ಯಾಯ. ಗೋವಾದ ವಾಸ್ಕೋ ಬಂದರಿನಲ್ಲಿ ದಿನವಿಡೀ ಲಾರಿ ಎಣಿಸಿ ಸುಸ್ತಾದವನಿಗೆ ಇಷ್ಟಾದರೂ ಸುಖ ಬೇಡವೇ? ಎರಡನೇ ಭಾಗದ ಕಾಟವಿಲ್ಲದಂತೆ ಒಂದೇ ಪುಸ್ತಕದಲ್ಲಿ ಎಲ್ಲ ಮುಗಿಸಿದೆ.

ಕೊಲೆಗಾರನಿಗೆ ಹೆಸರು ಹುಡುಕಲು ಬೇಸರವಾಗಿ ಪಕ್ಕದ ಮನೆಯ, ಗೋಡೆ ಕಟ್ಟುವ ಗೌಂಡಿ ಈರಪ್ಪನ ಹೆಸರನ್ನೇ ಇಟ್ಟೆ. ಅವನ ಮೀಸೆಯನ್ನೂ ಇಟ್ಟೆ. ಪಾಪ, ಈರಪ್ಪ ಇರುವೆ ಕಂಡರೂ ದಾಟಿ ಹೋಗುವ ಮನುಷ್ಯ!

"ಹೆಸರು ಬದಲ ಮಾಡ್ರಿ, ಆಮ್ಯಾಲೆ ಫಜೀತಿ ಆಗ್ತದ," ಎಂದಳು ಹೆಂಡತಿ ಶಾಂತಾ.

"ಸಾಹಿತ್ಯ ನಿನಗ ತಿಳಿಯಂಗಿಲ್ಲ," ಎಂದೆ.

ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ ಶ್ರಾವಣ ಬಂದರೆ ಕಟ್ಟೆಯ ಮೇಲೆ ಪುರಾಣ ಓದುತ್ತಾರೆ. ಈ ಸಲ ಓದುವ ಸ್ವಾಮಿಗಳು ಊರಿಗೆ ಹೋಗಿದ್ದರು. ಅದೇ ಕಟ್ಟೆಯ ಮೇಲೆ, ಅದೇ ರಾಗದಲ್ಲಿ ನನ್ನ ಕಾದಂಬರಿ ಓದಿದೆ. ಈರಪ್ಪನೂ ಕೇಳಿ "ಭಾಳ ಚಲೋ ಐತ್ರಿ" ಎಂದ. ಓಣಿಯ ಹಿರಿಯಳಾದ ಗಂಗಜ್ಜಿ ಕೊನೆಗೆ ಕಾಯಿ ಒಡೆದು ಪುಸ್ತಕಕ್ಕೆ ಕೈಮುಗಿದಳು. ಕಟ್ಟೆಯ ಮೇಲೆ ಓದಿದ್ದು ಎಲ್ಲಾದರೂ ಸುಳ್ಳಾದೀತೇ!

ಮರುವಾರ ಈರಪ್ಪನ ಮಗಳನ್ನು ನೋಡಲು ಇಳಕಲ್ಲಿನಿಂದ ಬೀಗರು ಬಂದರು. ಹಿಂದಿನ ಸಂಬಂಧಗಳೆಲ್ಲ ತಪ್ಪಿಹೋಗಿ, ಇದಾದರೂ ಕೂಡಿಬರಲಿ ಎಂದು ಈರಪ್ಪ ಹರಕೆ ಹೊತ್ತಿದ್ದ. ಓಣಿಯ ಬಾಯಲ್ಲಿ ಅವರಿಗೆ ಸಿಕ್ಕಿದ್ದು ಗಂಗಜ್ಜಿ.

"ಈರಪ್ಪನ ಮನಿ ಎಲ್ಲೈತಬೇ ಯವ್ವಾ?"

"ಕೊಲಿ ಮಾಡಿ ಜೇಲಿಗೆ ಹೋಗಿ ಬಂದನಲ್ಲ, ಆ ಈರಪ್ಪಂದೇನು? ಅಲ್ಲೇ, ನಳದ ಬಾಜೂಕ."

ಬೀಗರು ಅಲ್ಲಿಂದಲೇ ಸ್ಟೇಶನ್ನಿಗೆ ತಿರುಗಿದರು.

ಸುದ್ದಿ ತಿಳಿದು ಈರಪ್ಪ ನನ್ನ ಬಾಗಿಲಿಗೆ ಬಂದ. ಬೈಯಲಿಲ್ಲ. "ಹುಡುಗಿ ಸೀರಿ ಉಟ್ಟು ಕುಂತಾಳ್ರಿ," ಎಂದನಷ್ಟೇ. ಕಾದಂಬರಿಯನ್ನು ಬಗಲಲ್ಲಿಟ್ಟುಕೊಂಡು ಸ್ಟೇಶನ್ನಿಗೆಂದು ಬಾಡಿಗೆ ಬೈಕಿನ ಹಿಂದೆ ಹತ್ತಿದೆ.

"ಇದೆಲ್ಲಾ ನಾನ ಬರದ ಸುಳ್ಳರೀ!" ಎಂದು ಪ್ಲಾಟ್‌ಫಾರ್ಮಿನಲ್ಲಿ ಅಂಗಲಾಚಿದೆ.

"ಸುಳ್ಳು ಇಷ್ಟು ದಪ್ಪ ಇರ್ತೈತೇನು? ಓದ್ರಿ ನೋಡೋಣು," ಎಂದಳು ವರನ ಅಜ್ಜಿ.

ಓದಿದೆ. ಕೊಲೆ ಬಂದಾಗ ಅಜ್ಜಿ ಆಕಳಿಸಿದಳು. ಪಶ್ಚಾತ್ತಾಪ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವರ ರೈಲೂ ಹೋಯಿತು.

"ತಪ್ಪು ಒಪ್ಪಿಕೊಂಡು ಇಷ್ಟು ನೆಟ್ಟಗಾದ ಮನುಷ್ಯಾನ ಮಗಳು ನಮಗ ಬೇಕ ಬೇಕು!"

"ಅಜ್ಜಿ, ಅಂವ ಕೊಲಿನ ಮಾಡಿಲ್ಲರೀ!"

"ಸುಮ್ಮನಿರ್ರಿ. ನಿಮ್ಮ ಮಾರಿ ನೋಡಿದ್ರ ಇದನ್ನೆಲ್ಲ ಹುಟ್ಟಿಸಿ ಬರಿಯೋರಂಗ ಕಾಣಂಗಿಲ್ಲ."

ಸತ್ಯ ಹೇಳಿ ಹೇಳಿ ನನ್ನ ಗಂಟಲೊಣಗಿತು. ಲಗ್ನ ಮಾತ್ರ ಗಟ್ಟಿಯಾಯಿತು.

ಮಂಟಪದಲ್ಲಿ ಬೀಗರೆಲ್ಲ ಈರಪ್ಪನಿಗೆ ಎದ್ದು ನಿಂತು ದಾರಿ ಬಿಡುತ್ತಿದ್ದರು. ಅವನೂ ಬೇಸತ್ತು ಅಲ್ಲಗಳೆಯುವುದನ್ನು ಬಿಟ್ಟಿದ್ದ. ಯಾರಾದರೂ ಕೇಳಿದರೆ ಮೀಸೆ ತೀಡಿ, "ಆಗಿದ್ದು ಆಗಿ ಹೋತ್ರಿ," ಎನ್ನುತ್ತಿದ್ದ. ಕೊಲೆಗಾರನಿಗೆ ಮರ್ಯಾದೆ ಸಿಕ್ಕಿತು. ಲೇಖಕನಿಗೆ ಸಾರಿನ ಬಕೆಟ್ಟು ಸಿಕ್ಕಿತು!

"ಇದನ್ನರೆ ನೆಟ್ಟಗ ಬಡಸ್ರಿ," ಎಂದಳು ಶಾಂತಾ.

ವರನ ಅಜ್ಜಿಯ ಹೊಸ ಇಳಕಲ್ ಸೀರೆಯ ಮೇಲೆ ಸಾರು ಚೆಲ್ಲಿದೆ.