ತಾಳಿಕೋಟೆಯ ಇಸವಿಗಾಗಿ ನಡೆದ ಗ್ರಂಥಾಲಯ ಸಂಗ್ರಾಮ

ಎಲೈ ಸಜ್ಜನರೇ, ಕಿವಿಗೊಟ್ಟು ಕೇಳಿರಿ. ಗೈಡುಗಳು ರಾಜ್ಯವಾಳುತ್ತಿದ್ದ, ಜೆರಾಕ್ಸ್ ಪ್ರತಿಗಳು ಪೂಜೆಗೊಳ್ಳುತ್ತಿದ್ದ ಆ ಕಲಿಯುಗದಲ್ಲಿ, ಗದಗ ಸೀಮೆಯ ಒಂದು ಪದವಿ ಕಾಲೇಜಿನಲ್ಲಿ, ಹದಿನೆಂಟು ಸಹಸ್ರ ಗ್ರಂಥಗಳ ಒಡತಿಯಾಗಿ, ಧೂಳಿಮರ್ದಿನಿ, ಕಪಾಟಪಾಲಿನಿ, ಮೌನಶಾಸನಪ್ರವರ್ತಿನಿಯಾದ ಗ್ರಂಥಪಾಲಕಿ ಸುಮಿತ್ರಾ ಬಳಿಗಾರ ವಿರಾಜಿಸುತ್ತಿದ್ದಳು. ಯಾರೂ ಹೇಳದೆಯೇ ಪುಸ್ತಕ ತೆರೆದು ಹುಡುಕುವ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನು ಒಂಬತ್ತು ವರ್ಷಗಳಲ್ಲಿ ಆಕೆ ಕಂಡಿರಲಿಲ್ಲ. ಕಾಣದೆ ನಿವೃತ್ತಳಾಗಲಾರೆನೆಂಬುದು ಆಕೆಯ ಘೋರ ಪ್ರತಿಜ್ಞೆ.

ಅದಕ್ಕೆ ವಿದ್ಯಾರ್ಥಿಗಳನ್ನು ಗ್ರಂಥಾಲಯಕ್ಕೆ ಕರೆಸಲು ಒಂದು ಪಿರಿಯಡ್ಡು ಬೇಕಿತ್ತು. ಆ ಪಿರಿಯಡ್ಡನ್ನು ಇತಿಹಾಸದ ಪ್ರಾಧ್ಯಾಪಕರಾದ, ದ್ವಾವಿಂಶತಿವರ್ಷಜೀರ್ಣಟಿಪ್ಪಣಿಧಾರಿ ಚನ್ನವೀರಪ್ಪ ಹೊಂಬಳ ಸರ್ ಬಿಟ್ಟುಕೊಡದೆ ಕಾಯುತ್ತಿದ್ದರು. ಮೂರು ಸಲ ಆಕೆ ಸ್ಟಾಫ್ ರೂಮಿಗೆ ದಂಡೆತ್ತಿ ಹೋಗಿ, ಪೋರ್ಷನ್ ಮುಗಿದಿಲ್ಲವೆಂಬ ಅಭೇದ್ಯ ಗುರಾಣಿಗೆ ತಗುಲಿ ಮರಳಿದಳು. ನಾಲ್ಕನೆಯ ಸಲ, ಅವರದೇ ಮೇಜಿನ ಮೇಲಿದ್ದ ಟೆಸ್ಟ್ ಪೇಪರುಗಳ ಕಟ್ಟು ಬಿಚ್ಚಿದಳು. ನಲವತ್ತೆರಡು ಮಂದಿಯೂ ತಾಳಿಕೋಟೆ ಯುದ್ಧವನ್ನು ೧೫೫೬ರಲ್ಲೇ ಹೊಡೆದಾಡಿ ಮುಗಿಸಿದ್ದರು.

“ಇದು ನಿಮ್ಮ ನೋಟ್ಸಿನ ಇಸ್ವಿ ಸರ್. ಯಾವ ಪುಸ್ತಕದಾಗೂ ಹಿಂಗಿಲ್ರಿ.”

ಸವಾಲು ಸ್ವೀಕರಿಸಿದ ವೀರನಂತೆ ಸರ್ ಎದ್ದು ನಿಂತರು. “ಬುಧವಾರ ಇಡೀ ಕ್ಲಾಸ ಲೈಬ್ರರಿಗೆ ಕರ್ಕೊಂಡು ಬರ್ತೀನ್ರಿ ಮೇಡಂ. ಪುಸ್ತಕ ಹೆಂಗ ಹುಡುಕಬೇಕಂತ ನಾನ ಮುಂದ ನಿಂತು ತೋರಸ್ತೀನಿ.”

ಬುಧವಾರ ಸೈನ್ಯ ಬಂತು. ಈವರೆಗೆ ಅಟೆಂಡರ್ ತಂದುಕೊಟ್ಟ ಪುಸ್ತಕವನ್ನಷ್ಟೇ ಬಲ್ಲ ಮಹಾರಥಿ ಹೊಂಬಳ ಸರ್, ಜೀವಮಾನದಲ್ಲಿ ಮೊದಲ ಬಾರಿಗೆ ಕೌಂಟರು ದಾಟಿ, ವಿಜಯನಗರವನ್ನರಸುತ್ತ ಕೃಷಿಶಾಸ್ತ್ರದ ಕಪಾಟಿಗೆ ನುಗ್ಗಿ, ಅಲ್ಲಿಂದ ಪಶುವೈದ್ಯಕ್ಕೆ ಹಾರಿ, ಬೆವರಿ, ಕೊನೆಗೆ ಮೆಲ್ಲಗೆ ಸುಮಿತ್ರಾಳತ್ತ ನೋಡಿದರು. ಆಕೆಗೆ ಅಯ್ಯೋ ಪಾಪ ಅನ್ನಿಸಿತು. ಪುಸ್ತಕಗಳ ಹೆಸರು ಬರೆದ ಕಾರ್ಡುಗಳ ಡ್ರಾಯರೆಳೆದು, ಕಾರ್ಡಿನ ನಂಬರನ್ನು ಕಪಾಟಿನ ನಂಬರಿಗೆ ಹೊಂದಿಸುವ ಗುಪ್ತವಿದ್ಯೆಯನ್ನು ಉಪದೇಶಿಸಿದಳು. ಸರ್ ಅದನ್ನೇ ತಮ್ಮ ಕಂಚಿನ ಕಂಠದಲ್ಲಿ ಸೈನ್ಯಕ್ಕೆ ಸಾರಿದರು. ಆಮೇಲೆ ನಡೆದ ಕಾಳಗವನ್ನು ಏನೆಂದು ವರ್ಣಿಸಲಿ! ಡ್ರಾಯರುಗಳು ಗುಡುಗಿದವು, ಧೂಳು ಸೂರ್ಯನನ್ನು ಮುಚ್ಚಿತು, ವೀರಾಧಿವೀರರು ಸೀನಿ ಸೀನಿ ಸುಸ್ತಾದರು. ಮೂರು ಕಪಾಟುಗಳಿಂದ ಮೂರು ಪುಸ್ತಕಗಳು ಸೆರೆಸಿಕ್ಕು ಮೇಜಿಗೆ ಬಂದವು. ಮೂರರಲ್ಲೂ ೧೫೬೫.

ಹಿಂದಿನ ಬೆಂಚಿನ ಮಲ್ಲನಗೌಡ ಕೇಳಿದ: “ಸರ್, ಪರೀಕ್ಷೆದಾಗ ಪುಸ್ತಕದ್ದು ಬರೀಬೇಕೋ, ನೋಟ್ಸಿಂದೋ?”

ಸರ್ ಜೇಬಿನಿಂದ ಪೆನ್ನು ತೆಗೆದು, ತಮ್ಮ ನೋಟ್ಸಿನ ಹಳದಿಗಟ್ಟಿದ ಹಾಳೆಯ ೧೫೫೬ನ್ನು ಹೊಡೆದುಹಾಕಿ, ಪಕ್ಕದಲ್ಲಿ ೧೫೬೫ ಎಂದು ಬರೆದರು. ಸುಮಿತ್ರಾಳಿಗೆ ಕುಣಿಯಬೇಕೆನ್ನುವಷ್ಟು ಖುಷಿಯಾಯಿತು. ಆಗ ಸರ್ ಗಂಟಲು ಸರಿಮಾಡಿಕೊಂಡರು.

“ಎಲ್ಲಾರೂ ಬರ್ಕೊಳ್ರಿ.”

ಪುಸ್ತಕಗಳು ಧಪ್ಪೆಂದು ಮುಚ್ಚಿಕೊಂಡವು. ತಲೆಗಳು ಬಾಗಿದವು. ತಾಳಿಕೋಟೆ ಯುದ್ಧ, ಕಾಮಾ, ಎಂದು ಡಿಕ್ಟೇಶನ್ ಸುರಿಯತೊಡಗಿತು. ಸುಮಿತ್ರಾ ಕುರ್ಚಿಯಲ್ಲಿ ಕುಸಿದು ಕೂತಳು.

ಮೂಲೆಯಲ್ಲಿದ್ದ ಸವಿತಾ ತಳವಾರ ಎಂಬ ಹುಡುಗಿ ಮಾತ್ರ ಬರೆಯಲಿಲ್ಲ. “ಸರ್, ಇದು ಯಾವ ಪುಟದಾಗ ಐತಿ ಅಂತನೂ ಹಾಕಬೇಕಲ್ರಿ?” ಎಂದಳು. ಸರ್ ಸುಮಿತ್ರಾಳ ಮುಖ ನೋಡಿದರು. ಸುಮಿತ್ರಾ ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಹುಡುಗಿ ತಾನೇ ಎದ್ದು ಹೋಗಿ, ಮುಚ್ಚಿದ್ದ ಪುಸ್ತಕವನ್ನು ತೆರೆದು ಹಾಳೆ ತಿರುವುತ್ತಿದ್ದಳು.

ಉಳಿದ ನಲವತ್ತೊಂದು ಮಂದಿ, ಅವಳು ಹೇಳುವ ಪುಟಸಂಖ್ಯೆಯನ್ನು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದರು.